ಇಲಿಗಳಿಗೂ ಪುನರ್ವಸತಿಯಂತೆ!

ಮೊನ್ನೆ ನಮ್ಮ ಡೊಂಬಿವಲಿ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. 'ಮೆದುಳಿನ ರಕ್ತಸ್ರಾವವಾದ ಇಲಿಗಳಿಗೆ ಪುನರ್ವಸತಿ: ಆಶಾದಾಯಕ ಫಲಿತಾಂಶ.' ಐದು ನಿಮಿಷ ಆಗಿರಲಿಲ್ಲ, ಮೂರನೇ ಮಾಳಿಗೆಯ ಅಕ್ಕ ಬರೆದರು: 'ಇಲಿಗಳಿಗೂ ಫ್ಲಾಟ್ ಸಿಕ್ಕಿತಾ ಮಾರಾಯ್ರೆ? ನಮ್ಮ ಅಣ್ಣ ಹನ್ನೊಂದು ವರ್ಷದಿಂದ ಟ್ರಾನ್ಸಿಟ್ ಕ್ಯಾಂಪಿನಲ್ಲೇ ಇದ್ದಾನೆ.'

ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಸಿಟ್ಟು ಬಂತು. ಅಕ್ಕನ ಮೇಲಲ್ಲ, ಇಂಗ್ಲಿಷಿನ ರಿಹ್ಯಾಬಿಲಿಟೇಷನ್ ಅನ್ನು, ಅಂದರೆ ಕಾಯಿಲೆಯಾದವರಿಗೆ ಅಭ್ಯಾಸ ಮಾಡಿಸಿ ಕೈಕಾಲು ಮತ್ತೆ ರೂಢಿಗೆ ತರುವುದನ್ನು, ಪುನರ್ವಸತಿ ಅಂತ ಅನುವಾದ ಮಾಡಿದವರ ಮೇಲೆ. ಆಸ್ಪತ್ರೆಯ ಬೋರ್ಡಿನಲ್ಲಿ, ಆರೋಗ್ಯ ಪುರವಣಿಯಲ್ಲಿ, ಈಗ ಇಲಿಯ ಮೇಲೂ ಇದೇ ಪದ. ಸಾಕಾಯ್ತು.

ಮುಂಬೈಯಲ್ಲಿ ಇರುವವರಿಗೆ ಪುನರ್ವಸತಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಮರಾಠಿಯ ಪುನರ್ವಸನ, 1995ರಲ್ಲಿ ಬಂದ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ ಅಂದರೆ ಎಸ್‌ಆರ್‌ಎ, ಗುಡಿಸಲು ಕೆಡವಿದರೆ 300 ಚದರಡಿಯ ಫ್ಲಾಟು, ಅಲ್ಲಿವರೆಗೆ ಟ್ರಾನ್ಸಿಟ್ ಕ್ಯಾಂಪೆಂಬ ತಾತ್ಕಾಲಿಕ ಬಿಡಾರ, ಇಲ್ಲವೇ ಬಾಡಿಗೆ ಚೆಕ್ಕಿಗೆ ಕಾಯುವುದು. ಊರಿನ ಕಡೆ ನೋಡಿದರೂ ಅಷ್ಟೇ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಸಿಕ್ಕಿತು, ನವನಗರ ಎದ್ದಿತು. ಅದು ಪುನರ್ವಸತಿ. ಮುಳುಗಿದವರಿಗೆ, ಒಕ್ಕಲೆದ್ದವರಿಗೆ ಮತ್ತೆ ನೆಲೆ ಕೊಡುವುದು. ಪದ ಚೆನ್ನಾಗಿದೆ, ಅದರ ಕೆಲಸ ಅದು ಮಾಡುತ್ತಿದೆ. ಅದನ್ನು ಎಳೆದು ತಂದು ಲಕ್ವ ಹೊಡೆದವನ ಕೈಗೆ ಯಾಕೆ ಕಟ್ಟಬೇಕು?

ಇಂಗ್ಲಿಷಿನ ರಿಹ್ಯಾಬಿಲಿಟೇಷನ್ ಎಂಬ ಪದದ ಒಳಗೆ ಮನೆ ಇಲ್ಲವೇ ಇಲ್ಲ. ಅಲ್ಲಿ ಕೂತಿರುವುದು ಲ್ಯಾಟಿನ್ನಿನ 'ಹಾಬಿಲಿಸ್', ಅಂದರೆ ಕೆಲಸಕ್ಕೆ ಒದಗುವಂಥದು, ಅಣಿಯಾಗಿರುವಂಥದು. ಏಬಲ್ ಅನ್ನುವ ಪದವೂ ಅಲ್ಲಿಂದಲೇ ಬಂದದ್ದು. ವಾಸ ಮಾಡುವುದಕ್ಕೆ ಲ್ಯಾಟಿನ್ನಿನಲ್ಲಿ ಬೇರೆ ಪದ ಇದೆ, 'ಹಾಬಿಟಾರೆ'. ಎರಡೂ 'ಹಾಬೇರೆ' ಎಂಬ ಒಬ್ಬಳೇ ತಾಯಿಯ ಮಕ್ಕಳು, ಹಿಡಿದಿರು, ಹೊಂದಿರು ಅಂತ ಅದರ ಅರ್ಥ. ಹಾಗಾಗಿ ಮುಖಚಹರೆ ಒಂದೇ ಥರ ಕಾಣುವುದು ನಿಜ. ಆದರೆ ತಂಗಿಯ ಜಾತಕ ತೋರಿಸಿ ಅಕ್ಕನ ಮದುವೆ ಮಾಡಿದರೆ ಹೇಗೆ? ಹಳೆಯ ಕಾಲದಲ್ಲಿ ರಿಹ್ಯಾಬಿಲಿಟೇಷನ್ ಪದಕ್ಕೆ ಕಳೆದುಕೊಂಡ ಹಕ್ಕು, ಮಾನ, ಸ್ಥಾನ ಮರಳಿ ಕೊಡುವುದು ಅಂತ ಅರ್ಥ ಇತ್ತು. ಫ್ರಾನ್ಸಿನ ಜೋನ್ ಆಫ್ ಆರ್ಕ್‌ಳನ್ನು 1431ರಲ್ಲಿ ಧರ್ಮದ್ರೋಹಿ ಅಂತ ತೀರ್ಪು ಕೊಟ್ಟು ಸುಟ್ಟರು, 1456ರಲ್ಲಿ ಆ ತೀರ್ಪು ತಪ್ಪು ಅಂತ ರದ್ದು ಮಾಡಿದರು. ಆ ಎರಡನೇ ವಿಚಾರಣೆಗೆ ಇವತ್ತಿಗೂ ಇದೇ ಹೆಸರು. ಅವಳಿಗೆ ಯಾರೂ ಸೈಟು ಕೊಡಲಿಲ್ಲ.

ನಮ್ಮಲ್ಲಿ ಮನೆಯ ಅರ್ಥ ಗಟ್ಟಿಯಾಗಿ ಅಂಟಿಕೊಂಡದ್ದಕ್ಕೆ ದೇಶವಿಭಜನೆಯೂ ಒಂದು ಕಾರಣ ಅಂತ ನನ್ನ ಅಂದಾಜು. 1947ರಲ್ಲೇ ಕೇಂದ್ರದಲ್ಲಿ ರಿಲೀಫ್ ಅಂಡ್ ರಿಹ್ಯಾಬಿಲಿಟೇಷನ್ ಎಂಬ ಖಾತೆ ಶುರುವಾಯಿತು, ಅದರ ಮುಂದಿದ್ದ ದೊಡ್ಡ ಕೆಲಸ ನಿರಾಶ್ರಿತರಿಗೆ ನೆಲೆ ಒದಗಿಸುವುದು. ನಮ್ಮಿಂದ ನಾಲ್ಕು ಸ್ಟೇಷನ್ ಆಚೆಯ ಉಲ್ಹಾಸನಗರ ಹುಟ್ಟಿದ್ದೂ ಹಾಗೆಯೇ, ಸಿಂಧಿ ನಿರಾಶ್ರಿತರ ಕ್ಯಾಂಪಿನಿಂದ. ಹಿಂದಿಯವರು ಪುನರ್ವಾಸ ಅಂದರು, ಆಮೇಲೆ ಅದೇ ಪದ ದವಾಖಾನೆಗೂ ಹೋಯಿತು. ಹಾಜಿ ಅಲಿಯಲ್ಲಿ 1955ರಿಂದ ಇರುವ ಕೇಂದ್ರ ಸರಕಾರದ ದೊಡ್ಡ ಸಂಸ್ಥೆಯ ಹಿಂದಿ ಹೆಸರಿನಲ್ಲೂ ಪುನರ್ವಾಸವೇ ಇದೆ. ಹಿಂದಿಯವರು ಮಾಡಿದರು ಅಂತ ನಾವೂ ಮಾಡಬೇಕಾ?

ಇನ್ನು ಆ ಇಲಿಗಳ ವಿಷಯ. ಲಕ್ವದಲ್ಲಿ ಎರಡು ಜಾತಿ ಅಂತ ಗೊತ್ತೇ ಇದೆ, ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಮತ್ತು ಒಡೆಯುವುದು. ಒಡೆಯುವುದನ್ನು ಇಲಿಯಲ್ಲಿ ತರಲು ಮೆದುಳಿನ ಒಳಗೆ, ಸ್ಟ್ರಯೇಟಮ್ ಎಂಬ ಜಾಗಕ್ಕೆ, ಕೊಲಾಜಿನೇಸ್ ಎಂಬ ಕಿಣ್ವ ಚುಚ್ಚುತ್ತಾರೆ. ಅದು ಸಣ್ಣ ನಾಳಗಳ ಗೋಡೆ ಸವೆಸುತ್ತದೆ, ರಕ್ತ ತಾನಾಗೇ ಜಿನುಗುತ್ತದೆ. ಇಲ್ಲದಿದ್ದರೆ ಆ ಇಲಿಯದೇ ಒಂದಿಷ್ಟು ರಕ್ತ ತೆಗೆದು ಅಲ್ಲಿಗೆ ಬಿಡುತ್ತಾರೆ. ಬಿಪಿಯಿಂದ ಆಗುವ ರಕ್ತಸ್ರಾವ ಮನುಷ್ಯರಲ್ಲೂ ಹೆಚ್ಚಾಗಿ ಆ ಸುತ್ತಮುತ್ತಲೇ ಆಗುವುದು.

ಆಮೇಲೆ ಕೆಲವು ದಿನ ಬಿಟ್ಟು, ಮುಂಗಾಲು ಚಾಚಿ ಸಣ್ಣ ಸಕ್ಕರೆ ಗುಳಿಗೆ ಎತ್ತಿಕೊಳ್ಳುವ ಕೆಲಸ ದಿನಾ ಮಾಡಿಸುತ್ತಾರೆ. ಮಾಡಿಸಿ ಮಾಡಿಸಿ ಕೈ ರೂಢಿಗೆ ತರುವುದು. ರಿಹ್ಯಾಬ್ ಅಂದರೆ ಇದು. ತಮಾಷೆ ಏನೆಂದರೆ, ಇಲಿಗಳಿಗೆ ಮನೆಯೂ ಸಿಗುತ್ತದೆ! ದೊಡ್ಡ ಪಂಜರ, ಏಣಿ, ಕೊಳವೆ, ಆಗಾಗ ಬದಲಾಗುವ ಆಟಿಕೆ, ಜೊತೆಗೆ ನಾಲ್ಕು ಇಲಿ. ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ 1940ರ ದಶಕದಲ್ಲಿ ಇಲಿಗಳನ್ನು ಮನೆಗೆ ಒಯ್ದು ಸಾಕಿ, ಲ್ಯಾಬಿನ ಪಂಜರದ ಇಲಿಗಳಿಗಿಂತ ಇವು ಚುರುಕು ಅಂದದ್ದು ಇದರ ಮೂಲ. ಅದನ್ನು 'ಸಮೃದ್ಧ ಪರಿಸರ' ಅನ್ನುತ್ತಾರೆ. ನನ್ನ ಕೇಳಿದರೆ ಅದು ಸಮೃದ್ಧವೂ ಅಲ್ಲ ಏನೂ ಅಲ್ಲ, ಇಲಿಗೆ ಸಹಜವಾದ ಬದುಕಿನ ಒಂದು ತುಣುಕು. ಮಾಮೂಲಿ ಪಂಜರವೇ ಜೈಲು. ಹಾಗಾದರೆ ಹೋಲಿಕೆ ಯಾವುದರ ಜೊತೆ ಆಗುತ್ತಿದೆ ಅಂತ ಓದುವವರು ಕೇಳಬೇಕು ಅಲ್ವಾ? ಅದೂ ಅಲ್ಲದೆ ಬರೀ ಪಂಜರ ಬದಲಿಸಿದರೆ ಬೆರಳಿನ ನಾಜೂಕು ಕೆಲಸ ಅಷ್ಟಾಗಿ ಮರಳುವುದಿಲ್ಲ, ಗುಳಿಗೆ ಎತ್ತುವ ಅಭ್ಯಾಸವೂ ಜೊತೆಗೆ ಬೇಕು. ಅಂದರೆ ಇಲಿಯ ಲೆಕ್ಕದಲ್ಲೂ ವಸತಿ ಒಂದೇ ಸಾಲದು.

ಫಾರ್ವರ್ಡಿನ ಸುದ್ದಿ ಹೊಸದೂ ಅಲ್ಲ. ಆಲ್ಬರ್ಟಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಕೆಲಸದಂತೆ ಕಾಣುತ್ತದೆ. ಹೀಗೆ ಕೆಲಸ ಮಾಡಿಸಿದ ಇಲಿಗಳ ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಬೇಗ ಕರಗಿತ್ತು. ಇದು ಸಣ್ಣ ಮಾತಲ್ಲ. ಒಡೆದ ಲಕ್ವದಲ್ಲಿ ರಕ್ತ ಅಲ್ಲೇ ಉಳಿದು, ಅದರ ಕಬ್ಬಿಣ ಬಿಡುಗಡೆಯಾಗಿ ಸುತ್ತಲಿನ ಜೀವಕೋಶಗಳನ್ನು ಸುಡುತ್ತದೆ. ನಾಳ ಕಟ್ಟಿಕೊಂಡ ಲಕ್ವದಲ್ಲಿ ಈ ಗೊಡವೆ ಇಲ್ಲ, ಅದಕ್ಕೇ ಅದರ ಫಲಿತಾಂಶ ತಂದು ಇದಕ್ಕೆ ಅಂಟಿಸಬಾರದು. ಫಾರ್ವರ್ಡಿನ ಕೊನೆಗೆ 'ಆದ್ದರಿಂದ ರೋಗಿಯನ್ನು ಮೊದಲ ದಿನವೇ ನಡೆಸಿ' ಅಂತ ಬೇರೆ ಸೇರಿಸಿದ್ದರು. ಅದನ್ನು ಯಾರು ಹೇಳಿದರೋ! ಮನುಷ್ಯರ ಮೇಲೆ ನಡೆದ ಅವರ್ಟ್ ಎಂಬ ಪರೀಕ್ಷೆ 2015ರಲ್ಲಿ ಮುಗಿಯಿತು, 2104 ರೋಗಿಗಳು, ಎರಡೂ ಜಾತಿಯ ಲಕ್ವದವರು. 24 ಗಂಟೆಯೊಳಗೆ ಎಬ್ಬಿಸಿ ಜಾಸ್ತಿ ಓಡಾಡಿಸಿದವರಲ್ಲಿ ಮೂರು ತಿಂಗಳ ನಂತರ ಚೆನ್ನಾಗಿದ್ದವರು ಮಾಮೂಲಿ ಆರೈಕೆಯವರಿಗಿಂತ ಕಡಿಮೆಯೇ. ಯಾವಾಗ ಎಬ್ಬಿಸಬೇಕು ಅನ್ನುವುದನ್ನು ಡಾಕ್ಟರಿಗೆ ಬಿಡಿ.

ಪುನರ್ವಸತಿ ಬೇಡ ಅಂದಕೂಡಲೇ ಕೆಲವರು 'ಚೇತರಿಕೆ' ಅಂತ ಬರೆಯುತ್ತಾರೆ. ಅದೂ ತಪ್ಪು. ಮಾಡಿಸುವುದು ಬೇರೆ, ಆಗುವುದು ಬೇರೆ. ಏನೂ ಮಾಡಿಸದಿದ್ದರೂ ಇಲಿ ಕೆಲವು ವಾರಗಳಲ್ಲಿ ತಾನಾಗೇ ಒಂದಿಷ್ಟು ಚೇತರಿಸಿಕೊಳ್ಳುತ್ತದೆ, ಅದಕ್ಕೇ ಪಕ್ಕದಲ್ಲಿ ಸುಮ್ನೆ ಬಿಟ್ಟ ಇಲಿಗಳೂ ಇರಬೇಕು. ಇನ್ನೊಂದು ಸೂಕ್ಷ್ಮ ಇದೆ. ಪೆಟ್ಟಾದ ಇಲಿಗೆ ಅಂಗೈ ತಿರುಗಿಸಲು ಆಗುವುದಿಲ್ಲ, ಹಾಗಾಗಿ ಮೈಯನ್ನೇ ಹೊರಳಿಸಿ ಗುಳಿಗೆಯನ್ನು ಎಳೆದುಕೊಳ್ಳುತ್ತದೆ. ಲೆಕ್ಕ ಬರೆಯುವವನು ಗುಳಿಗೆ ಸಿಕ್ಕಿತು ಅಂತ ಬರೆಯುತ್ತಾನೆ. ನಿಧಾನಗತಿಯ ವಿಡಿಯೋ ನೋಡಿದರೆ ಹಳೆಯ ಚಲನೆ ಮರಳಿಲ್ಲ, ಇಲಿ ಅಡ್ಜಸ್ಟ್ ಮಾಡಿಕೊಂಡಿದೆ ಅಷ್ಟೇ. ನಮ್ಮ ಮಾವ ಬ್ರೇನ್ ಹೆಮರೇಜ್ ಆದ ಮೇಲೆ ಎಡಗೈಯಲ್ಲೇ ಅಂಗಿಯ ಗುಂಡಿ ಹಾಕುವುದು ಕಲಿತಾಗ ಮನೆಯವರೆಲ್ಲ 'ಗುಣ ಆಯ್ತು' ಅಂತ ಪೇಡೆ ಹಂಚಿದ್ದರು. ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿ ಮಾತ್ರ ಪೇಡೆ ತಿಂದು, 'ಕಾಕಾ, ಈಗ ಬಲಗೈ ತೋರಿಸಿ' ಅಂದಳು.

ಹಾಗಾದರೆ ಏನು ಬರೆಯಬೇಕು? ಪುನಶ್ಚೇತನ ಅನ್ನಬಹುದು, ಆದರೆ ಅದನ್ನು ಕೆರೆಗೂ ಮೇಷ್ಟ್ರ ತರಬೇತಿಗೂ ಕೊಟ್ಟುಬಿಟ್ಟಿದ್ದೇವೆ. 'ಮತ್ತೆ ಅಣಿಗೊಳಿಸುವುದು' ಹಾಬಿಲಿಸ್‌ಗೆ ತೀರಾ ಹತ್ತಿರ. ಉದ್ದ ಅನ್ನಿಸಿದರೆ ರಿಹ್ಯಾಬ್ ಅಂತಲೇ ಬರೆಯಿರಿ, ಎಲ್ಲರಿಗೂ ಅರ್ಥವಾಗುತ್ತದೆ. ಇಷ್ಟನ್ನು ನಾನು ಗುಂಪಿನಲ್ಲೂ ಹಾಕಿದೆ. ಅಕ್ಕ ಒಂದು ಹೆಬ್ಬೆಟ್ಟು ಒತ್ತಿ, ಎಸ್‌ಆರ್‌ಎ ಆಫೀಸಿಗೆ ಹೋಗಲು ನಾಳೆ ಯಾರಾದರೂ ಜೊತೆಗೆ ಬರುತ್ತೀರಾ ಅಂತ ಕೇಳಿದರು.