ಆಲೆಮನೆಗೊಂದು ಲೆನ್ಸ್, ಮಾರ್ಕೆಟ್ಟಿಗೊಂದು ಲೆನ್ಸ್

ಪಕ್ಕದ ಪುಟ್ಟ ಕಿಟಕಿಯಿಂದ ನೋಡಿ ಫೋಕಸ್ ಮಾಡುವ ರೇಂಜ್‌ಫೈಂಡರ್ ಕ್ಯಾಮೆರಾ ಹೊಸದಾಗಿ ಕೊಂಡವರು ನನ್ನ ಹತ್ತಿರ ಬಂದರೆ ಕ್ಷೇಮಸಮಾಚಾರ ಮುಗಿಯುವ ಮೊದಲೇ ಕೇಳುತ್ತಾರೆ: "ಸಾರ್, ಎಫ್ 1.4 ತಗೊಳ್ಳಲಾ, ಚಿಕ್ಕ ಲೆನ್ಸೇ ಸಾಕಾ?" (ಎಫ್ ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರದ, ಅಂದರೆ ಅಪರ್ಚರ್‌ನ, ಅಳತೆ; ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು, ಲೆನ್ಸೂ ದಪ್ಪ.) ಎಲ್ಲಿ ತೆಗೀತೀರಿ, ಎಷ್ಟು ಹೊತ್ತಿಗೆ ತೆಗೀತೀರಿ ಅಂತ ನಾನು ವಾಪಸ್ ಕೇಳುತ್ತೇನೆ.

ಮೈಸೂರಿನ ಬಿಸಿಲನ್ನೇ ತೆಗೆದುಕೊಳ್ಳಿ. ಬೆಳಕಿಗೆ ಚುರುಕಾದ 400 ಐಎಸ್‌ಒ ಫಿಲ್ಮ್ ಹಾಕಿಕೊಂಡು ಮಧ್ಯಾಹ್ನ ದೇವರಾಜ ಮಾರುಕಟ್ಟೆಯ ಹೊರಗೆ ನಿಂತರೆ, ಶಟರ್ 1/1000 ಸೆಕೆಂಡಿಗೆ ಇಟ್ಟರೂ ಅಪರ್ಚರ್ ಎಫ್ 11ರ ಹತ್ತಿರ ಇರಬೇಕು. ಲೈಕಾ ಎಂ6ನಂಥ ಫಿಲ್ಮ್ ಕ್ಯಾಮೆರಾದ ಶಟರ್ 1/1000ಕ್ಕಿಂತ ಮುಂದೆ ಹೋಗುವುದಿಲ್ಲ. ಹಾಗಾಗಿ ಅಲ್ಲಿ 1.4 ಅನ್ನೋದು ಲೆನ್ಸಿನ ಮೇಲೆ ಕೆತ್ತಿದ ಅಂಕಿ, ಅಷ್ಟೇ. ಒಂದು ಪುಟ್ಟ 35 ಎಂಎಂ ಲೆನ್ಸ್ ಹಾಕಿ, ಎಫ್ 11ಕ್ಕೆ ತಿರುಗಿಸಿ, ಫೋಕಸ್ ಎರಡೂವರೆ ಮೀಟರ್‌ಗೆ ಇಟ್ಟುಬಿಡಿ. ಸುಮಾರು 1.5 ಮೀಟರ್‌ನಿಂದ 7.5 ಮೀಟರ್‌ವರೆಗೆ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಹೂವಿನವರು ಒಂದು ಮೊಳ ಹಾಕುವಷ್ಟರಲ್ಲಿ ಫೋಟೋ ಆಗಿರುತ್ತದೆ.

ದಪ್ಪ ಲೆನ್ಸಿನದು ಇನ್ನೊಂದು ತಕರಾರು. ಈ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ ಅಲ್ವಲ್ಲ, ಪಕ್ಕದ ಪುಟ್ಟ ಕಿಟಕಿಯಿಂದ. ದೊಡ್ಡ ಲೆನ್ಸ್, ಅದರ ಮೇಲೊಂದು ಬಿಸಿಲು ತಡೆಯುವ ಹುಡ್ ಇದ್ದರೆ ಬಲಗಡೆಯ ಕೆಳಮೂಲೆ ಮುಚ್ಚಿಹೋಗುತ್ತದೆ. ಪ್ರಿಂಟ್ ಬಂದಾಗ ಆ ಮೂಲೆಯಲ್ಲಿ ಯಾರದೋ ತರಕಾರಿ ಚೀಲ ಕೂತಿರುತ್ತದೆ. ಲೈಕಾದವರದೇ ಎಫ್ 0.95ರ ನಾಕ್ಟಿಲಕ್ಸ್ ಲೆನ್ಸ್ ಅಂತೂ 700 ಗ್ರಾಂ, ಎಂ6ನ ಬಾಡಿಗಿಂತಲೂ ಭಾರ. ಬೆಲೆ ಕೇಳಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ 1.4ನಂಥ ಫಾಸ್ಟ್ ಲೆನ್ಸ್, ಅಂದರೆ ಹೆಚ್ಚು ಬೆಳಕು ಬಿಡುವ ಲೆನ್ಸ್, ಯಾಕೆ ಬೇಕು? ಮಂಡ್ಯದ ಕಡೆ ಒಂದು ಆಲೆಮನೆಗೆ ಹೋಗಿ ನೋಡಿ. ಒಳಗೆ ಹೊಗೆ, ಹಬೆ, ಒಲೆಯ ಕೆಂಪು ಬೆಳಕು. ರೇಂಜ್‌ಫೈಂಡರ್‌ನಲ್ಲಿ ಎದ್ದು ಬೀಳುವ ಕನ್ನಡಿ ಇಲ್ಲ, ಅದರ ಅದುರಾಟವೂ ಇಲ್ಲ. ಹಾಗಾಗಿ ಉಸಿರು ಬಿಗಿ ಹಿಡಿದರೆ 1/15ರಲ್ಲೂ ಕೈಯಲ್ಲೇ ತೆಗೆಯಬಹುದು. ಆದರೆ ಪಾಕ ತಿರುವುವವರು ನಮಗೋಸ್ಕರ ಕೈ ನಿಲ್ಲಿಸುತ್ತಾರಾ? ಎಫ್ 2ರಲ್ಲಿ 1/30 ಸಿಗುವ ಕಡೆ 1.4ರಲ್ಲಿ 1/60 ಸಿಗುತ್ತದೆ. ಆ ಒಂದು ಸ್ಟಾಪಿಗೆ, ಅಂದರೆ ಎರಡರಷ್ಟು ಬೆಳಕಿಗೆ, ಅಲ್ಲಿ ನಿಜವಾಗಿ ಬೆಲೆ ಇದೆ.

ಅಲ್ಲೇ ನಾನು ಒಂದು ಪೂರ್ತಿ ರೋಲ್ ಹಾಳು ಮಾಡಿಕೊಂಡಿದ್ದೇನೆ. 50 ಎಂಎಂ, 1.4, ಒಂದು ಮೀಟರ್ ದೂರ. ಕಿಟಕಿಯ ನಡುವೆ ಫೋಕಸ್ ತೋರಿಸುವ ಪ್ಯಾಚ್‌ನಲ್ಲಿ ಪಾಕ ತಿರುವುವವರ ಕಣ್ಣಿಗೆ ಫೋಕಸ್ ಮಾಡಿದೆ. ಆಮೇಲೆ ಕೊಪ್ಪರಿಗೆಯೂ ಸೇರಲಿ ಅಂತ ಕ್ಯಾಮೆರಾ ಕೆಳಕ್ಕೆ ಬಾಗಿಸಿದೆ, ಮುಖ ಮೇಲಕ್ಕೆ ಹೋಯಿತು. ತೊಳೆದು ನೋಡಿದರೆ ಎಲ್ಲ ಚಿತ್ರದಲ್ಲೂ ಕಿವಿ ಸ್ಪಷ್ಟ, ಕಣ್ಣು ಮಂಜು. ಲೆನ್ಸೇ ಕೆಟ್ಟಿದೆ ಅಂತ ಎರಡು ದಿನ ಅದನ್ನು ಬೈದುಕೊಂಡೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಅಷ್ಟು ದೂರದಲ್ಲಿ 1.4ಕ್ಕೆ ಸ್ಪಷ್ಟವಾಗಿ ಬರುವ ಆಳ ಒಟ್ಟು ಮೂರೂವರೆ ಸೆಂಟಿಮೀಟರ್. ಕಣ್ಣಿನ ಹಿಂದೆ ಮುಂದೆ ಹಂಚಿದರೆ ಒಂದೊಂದು ಕಡೆಗೆ ಎರಡು ಸೆಂಟಿಮೀಟರೂ ಇಲ್ಲ. ಫೋಕಸ್ ಇರುವ ಪದರ ಕ್ಯಾಮೆರಾ ಜೊತೆಗೇ ತಿರುಗುತ್ತದೆ; ಕ್ಯಾಮೆರಾವನ್ನು 15 ಡಿಗ್ರಿ ತಿರುಗಿಸಿದರೆ ಫೋಕಸ್ ಕಣ್ಣಿನಿಂದ ಹಿಂದಕ್ಕೆ ಜಾರುವುದು ಹತ್ತಿರತ್ತಿರ ಅಷ್ಟೇ, ಮೂರೂವರೆ ಸೆಂಟಿಮೀಟರ್! ಈಗ ಬಾಗಿಸಿದ ಮೇಲೆ ಎರಡು ಬೆರಳಿನ ಅಗಲದಷ್ಟು ಮೈಯನ್ನು ಹಿಂದಕ್ಕೆ ಎಳೆದುಕೊಂಡು ಕ್ಲಿಕ್ ಮಾಡುತ್ತೇನೆ.

ಕೆಲವು ಫಾಸ್ಟ್ ಲೆನ್ಸ್‌ಗಳಲ್ಲಿ, ಮುಖ್ಯವಾಗಿ ಸೊನ್ನಾರ್ ಅನ್ನುವ ವಿನ್ಯಾಸದವುಗಳಲ್ಲಿ, ಅಪರ್ಚರ್ ಕಿರಿದು ಮಾಡಿದಂತೆ ಫೋಕಸ್ ಕೂಡ ಸರಿಯುತ್ತದೆ. ಕಿಟಕಿಯಲ್ಲಿ ಅದು ಕಾಣುವುದೇ ಇಲ್ಲ. ಕೊಳ್ಳುವ ಮೊದಲು 1.4, 2, 2.8, 4 ಎಲ್ಲದರಲ್ಲೂ ಒಂದು ಸ್ಕೇಲನ್ನು ಓರೆಯಾಗಿ ಇಟ್ಟು ತೆಗೆದು ನೋಡಿ.

ಒಂದೇ ಲೆನ್ಸಿಗೆ ದುಡ್ಡಿದ್ದರೆ 35 ಎಂಎಂ, ಎಫ್ 2 ತಗೊಳ್ಳಿ. ಜೇಬಿನಲ್ಲಿ ಹಿಡಿಸುತ್ತದೆ, ಸಂಜೆಯವರೆಗೂ ಕೈಬಿಡುವುದಿಲ್ಲ. ಭಾನುವಾರ ಸಂಜೆ ಅರಮನೆಯಲ್ಲಿ ಹತ್ತಿರತ್ತಿರ ಒಂದು ಲಕ್ಷ ಬಲ್ಬ್ ಹೊತ್ತಿಕೊಂಡಾಗಲೂ ಎಫ್ 2 ಧಾರಾಳ. 1.4 ಮಾತ್ರ ಆಲೆಮನೆಗೆ ಹೊರಡುವ ಹಿಂದಿನ ದಿನ ಯಾರಾದರೂ ಗೆಳೆಯರ ಹತ್ತಿರ ಕೇಳಿ ತಗೊಂಡು ಹೋಗಿ.