ಪ್ರೋಗ್ರಾಂ ನಿಲ್ಲಿಸುವ ಹಕ್ಕು ಲೈಬ್ರರಿಗೆ ಎಷ್ಟು?

ಮಲ್ಪೆ ಧಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಬಂಗುಡೆ ತೂಗುವ ಕೌಂಟರೊಂದನ್ನು ಊಹಿಸಿಕೊಳ್ಳಿ. ತೂಕದ ಯಂತ್ರದಿಂದ ಸೀರಿಯಲ್ ಕೇಬಲ್ಲಿನಲ್ಲಿ ಬರುವ ಅಂಕಿ ಓದುವುದು ಸಿ ಭಾಷೆಯ ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್. ಬಿಲ್ ಮಾಡುವುದು ಬೇರೆಯವರು ಬರೆದ ಪ್ರೋಗ್ರಾಂ. ಉಪ್ಪುಗಾಳಿಗೆ ಕನೆಕ್ಟರ್ ಕಿಲುಬು ಹಿಡಿದು, 12.40 ಬರಬೇಕಾದಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದವು. ಲೈಬ್ರರಿ ಅಲ್ಲೇ ಇಡೀ ಪ್ರೋಗ್ರಾಂ ಮುಗಿಸುವ ಎಕ್ಸಿಟ್ ಫಂಕ್ಷನ್ ಕರೆದರೆ ಹರಾಜಿನ ಹೊತ್ತಿಗೆ ಕೌಂಟರೇ ನಿಂತಿತು. ತೂಕವನ್ನು ಕೈಯಲ್ಲಿ ಟೈಪ್ ಮಾಡಿ ವ್ಯಾಪಾರ ಮುಂದುವರಿಸಬಹುದು ಎಂಬುದು ಬಿಲ್ ಪ್ರೋಗ್ರಾಂಗೆ ಗೊತ್ತು, ಲೈಬ್ರರಿಗೆ ಗೊತ್ತಿಲ್ಲ. ಆದ್ದರಿಂದ ತೀರ್ಮಾನವೂ ಬಿಲ್ ಪ್ರೋಗ್ರಾಂನದ್ದೇ ಆಗಬೇಕು.

ಕೇಬಲ್ ಕಳಚುವುದು, ಡಿಸ್ಕ್ ತುಂಬುವುದು, ಮೆಮೊರಿ ಕೇಳುವ ಮ್ಯಾಲಾಕ್ ನಲ್ (ಖಾಲಿ ವಿಳಾಸ) ಕೊಡುವುದು, ಇವೆಲ್ಲ ಹೊರಗಿನ ತೊಂದರೆಗಳು. ಎರರ್ ಕೋಡ್ ಹಿಂದಿರುಗಿಸಿದರೆ ಸಾಕು. ಹಿಂದಿರುಗುವ ಮೊದಲು, ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚುತ್ತಾ ಬನ್ನಿ. ಇದಕ್ಕೆ ಫಂಕ್ಷನ್ನಿನ ಕೊನೆಗೆ ಹಾರುವ ಗೋಟು ಬಳಸಲು ಸಂಕೋಚ ಬೇಡ. ಮೆಮೊರಿಯ ಅಳತೆ ಬದಲಿಸುವ ರಿಅಲಾಕ್‌ನ ಫಲಿತಾಂಶವನ್ನು ಹಳೆಯ ವಿಳಾಸ ಹಿಡಿದಿರುವ ಪಾಯಿಂಟರಿಗೇ ಹಾಕಬೇಡಿ. ಅದು ಸೋತರೆ ನಲ್ ಬರುತ್ತದೆ, ಹಳೆಯ ಮೆಮೊರಿ ಹಾಗೇ ಉಳಿದಿರುತ್ತದೆ, ಅದರ ವಿಳಾಸ ಮಾತ್ರ ನಿಮ್ಮ ಕೈತಪ್ಪಿರುತ್ತದೆ. ಹೆಸರಾಂತ ಲೈಬ್ರರಿಗಳಲ್ಲೂ ಈ ವಿಷಯದಲ್ಲಿ ಒಂದೇ ಪದ್ಧತಿಯಿಲ್ಲ: ಮೆಮೊರಿ ಸಿಗದಿದ್ದರೆ ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಲೈಟ್ ಎರರ್ ಕೋಡ್ ಹಿಂದಿರುಗಿಸುತ್ತದೆ, ಜೆಪೆಗ್ ಚಿತ್ರಗಳ ಲೈಬ್ರರಿ ಲಿಬ್‌ಜೆಪೆಗ್‌ನ ಮೂಲ ಎರರ್ ಹ್ಯಾಂಡ್ಲರ್ ಎಕ್ಸಿಟ್ ಕರೆಯುತ್ತದೆ, ಬಳಸುವವರು ಅದನ್ನು ಬದಲಿಸಿಕೊಳ್ಳಬೇಕು.

ಹಾಗಾದರೆ ಪ್ರೋಗ್ರಾಂ ಅಲ್ಲೇ ಕಡಿದು ನಿಲ್ಲಿಸುವ ಅಬಾರ್ಟ್ ಫಂಕ್ಷನ್ ಯಾವಾಗ? ಲೈಬ್ರರಿಯ ಒಳಗಿನ ಲೆಕ್ಕವೇ ಕೆಟ್ಟಾಗ. ಬಫರಿನಲ್ಲಿ 64 ಬೈಟಿಗೆ ಜಾಗ, ಎಣಿಕೆ 70 ಎನ್ನುತ್ತಿದೆ ಎಂದರೆ ಯಾವುದೋ ಮೆಮೊರಿಯ ಮೇಲೆ ಈಗಾಗಲೇ ಬರೆದಿರಬಹುದು. ಇನ್ನು ಮುಂದೆ ಬರುವ ತೂಕವನ್ನು ನಂಬಿ ಯಾರದೋ ದುಡ್ಡು ಲೆಕ್ಕ ಹಾಕುವುದು ಅನ್ಯಾಯ. ಇಂಥ ಕಡೆ ಎಕ್ಸಿಟ್ ಬೇಡವೇ ಬೇಡ. ಅದು ಪ್ರೋಗ್ರಾಂ ಮುಗಿಯುವಾಗ ಓಡಲೆಂದು ಆಟ್‌ಎಕ್ಸಿಟ್‌ನಲ್ಲಿ ನೋಂದಾಯಿಸಿದ ಫಂಕ್ಷನ್‌ಗಳನ್ನೆಲ್ಲ ಓಡಿಸುತ್ತದೆ. ಅವು ಕೆಟ್ಟ ಡೇಟಾವನ್ನೇ ಹಿಡಿದು ಕೆಲಸ ಮಾಡಿ ಫೈಲಿಗೂ ಬರೆದುಬಿಡಬಹುದು. ಅಬಾರ್ಟ್ ಅವನ್ನು ಮುಟ್ಟುವುದಿಲ್ಲ, ಸಿಗ್‌ಅಬಾರ್ಟ್ ಸಿಗ್ನಲ್ ಎಬ್ಬಿಸಿ ಪ್ರೋಗ್ರಾಂ ನಿಲ್ಲಿಸುತ್ತದೆ, ಅನುಮತಿ ಇದ್ದರೆ ಆ ಕ್ಷಣದ ಮೆಮೊರಿಯ ಪ್ರತಿಯಾದ ಕೋರ್ ಫೈಲ್ ಸಿಗುತ್ತದೆ. ಆದರೆ ಗ್ನು ಸಿ ಲೈಬ್ರರಿಯ 2.27ನೇ ಆವೃತ್ತಿಯಿಂದ (2018) ಅಬಾರ್ಟ್ ಆಗುವಾಗ ಫೈಲ್ ಬಫರುಗಳು ಫ್ಲಶ್ ಆಗುವುದಿಲ್ಲ, ಅಂದರೆ ಅವುಗಳಲ್ಲಿ ತಾತ್ಕಾಲಿಕವಾಗಿ ಕೂಡಿಟ್ಟದ್ದು ಫೈಲಿಗೆ ಇಳಿಯುವುದಿಲ್ಲ. ಫೈಲಿಗೆ ಬರೆಯುವ ಎಫ್‌ಪ್ರಿಂಟ್‌ಎಫ್ ಮಾಡಿ ಬಫರಿನಲ್ಲೇ ಉಳಿದ ಬಿಲ್ಲುಗಳು ಹೋದವೆಂದೇ ಲೆಕ್ಕ. ಬಿಲ್ ಪ್ರೋಗ್ರಾಂ ಬರೆಯುವವರು ಒಂದೊಂದು ಬಿಲ್ಲಿಗೂ ಎಫ್‌ಫ್ಲಶ್ ಕರೆಯಬೇಕು. ಕರೆಂಟ್ ಹೋದರೂ ಉಳಿಯಬೇಕೆಂದರೆ ಡಿಸ್ಕಿಗೇ ಬರೆಸುವ ಎಫ್‌ಸಿಂಕ್ ಕೂಡ.

ಷರತ್ತು ಸುಳ್ಳಾದರೆ ಅಬಾರ್ಟ್ ಮಾಡುವ ಅಸರ್ಟ್ ಒಂದನ್ನೇ ನಂಬಿ ಕೂರಬೇಡಿ. ಎನ್‌ಡೀಬಗ್ ಹಾಕಿ ಕಂಪೈಲ್ ಮಾಡಿದರೆ ಅದು ಪೂರ್ತಿ ಮಾಯ. ಅದರ ಕಂಸದೊಳಗೆ ಪೋರ್ಟ್ ತೆರೆಯುವ ಕೆಲಸ ಬರೆದಿದ್ದರೆ ಪೋರ್ಟೇ ತೆರೆಯುವುದಿಲ್ಲ. ಬದಲಿಗೆ ಲೈಬ್ರರಿಗೆ ತನ್ನದೇ ಆದ ಒಂದು ಫೇಟಲ್ ಫಂಕ್ಷನ್ ಇರಲಿ. ಒಳಹೊಕ್ಕ ಕೂಡಲೇ ಸಿಸ್ಟಂ ತಪ್ಪಿನ ಸಂಖ್ಯೆ ಇರುವ ಎರ್‌ನೋ ಬೆಲೆಯನ್ನು ಎತ್ತಿಟ್ಟುಕೊಳ್ಳಲಿ. ಹೀಪ್ (ಮ್ಯಾಲಾಕ್ ಹಂಚುವ ಮೆಮೊರಿ) ಕೆಟ್ಟಿರಬಹುದಾದ್ದರಿಂದ ಮ್ಯಾಲಾಕ್ ಮುಟ್ಟದೆ, 256 ಬೈಟಿನ ಸ್ಥಿರ ಬಫರಿನಲ್ಲಿ ಫೈಲ್ ಹೆಸರು, ಸಾಲಿನ ಸಂಖ್ಯೆ, ಕಾರಣ ಸೇರಿಸಿ, ರೈಟ್ ಮೂಲಕ ಎರರ್ ಸಂದೇಶಗಳು ಹೋಗುವ ಡಿಸ್ಕ್ರಿಪ್ಟರ್ 2ಕ್ಕೆ ಬರೆಯಲಿ. ಸಾಲಿನ ಸಂಖ್ಯೆ ಬಿಡಬೇಡಿ: ಆಪ್ಟಿಮೈಸ್ ಮಾಡುವಾಗ ಕಂಪೈಲರ್ ಹಲವು ಅಬಾರ್ಟ್ ಕರೆಗಳನ್ನು ಒಂದಾಗಿಸಿದರೆ ಕೋರ್ ಫೈಲ್ ಬೇರೆ ಸಾಲನ್ನೇ ತೋರಿಸೀತು. ಆಮೇಲೆ ಬಳಸುವವರು ಮೊದಲೇ ಕೊಟ್ಟ ಹ್ಯಾಂಡ್ಲರ್ ಇದ್ದರೆ ಒಂದೇ ಬಾರಿ ಕರೆಯಲಿ. ಆ ಹ್ಯಾಂಡ್ಲರಿನ ಒಳಗೇ ಮತ್ತೆ ತಪ್ಪಾದರೆ ಸುತ್ತು ಹೊಡೆಯದಂತೆ ಒಂದು ಅಟಾಮಿಕ್ ಫ್ಲ್ಯಾಗ್ (ಎರಡು ಕಡೆಯಿಂದ ಒಟ್ಟಿಗೆ ಮುಟ್ಟಿದರೂ ಕೆಡದ ಗುರುತು) ಬೇಕು. ಹ್ಯಾಂಡ್ಲರ್ ವಾಪಸ್ ಬಂದರೂ ಕೊನೆಯ ಸಾಲು ಅಬಾರ್ಟೇ. ಫಂಕ್ಷನ್ನಿಗೆ ‘ಹಿಂದಿರುಗುವುದಿಲ್ಲ’ ಎನ್ನುವ ನೋರಿಟರ್ನ್ ಗುರುತು ಹಾಕಿದ ಮೇಲೆ ಅದು ಹಿಂದಿರುಗಿದರೆ ಏನು ಬೇಕಾದರೂ ಆಗಬಹುದು, ಕಂಪೈಲರ್ ಮುಂದಿನ ಕೋಡನ್ನೇ ತೆಗೆದಿರಬಹುದು.

ಇದನ್ನು ಪರೀಕ್ಷಿಸದೆ ಬಿಡುಗಡೆ ಮಾಡಬೇಡಿ. ಟೆಸ್ಟಿನಲ್ಲಿ ಫೋರ್ಕ್ ಮಾಡಿ (ಪ್ರೊಸೆಸ್ಸಿನ ನಕಲು ತೆಗೆದು), ಮಗು ಪ್ರೊಸೆಸ್ಸಿನಲ್ಲಿ ಬೇಕೆಂದೇ ಎಣಿಕೆ ಕೆಡಿಸಿ, ಅದು ಮುಗಿಯುವುದನ್ನು ಕಾಯುವ ವೇಟ್‌ಪಿಡ್ ಕೊಡುವ ಸ್ಥಿತಿ ನೋಡಿ. ಲಿನಕ್ಸ್‌ನಲ್ಲಿ ಆ ಮಗು 6ನೇ ಸಿಗ್ನಲ್ಲಿನಿಂದ, ಅಂದರೆ ಸಿಗ್‌ಅಬಾರ್ಟ್‌ನಿಂದ, ಸತ್ತಿರಬೇಕು. ಶೆಲ್ಲಿನಲ್ಲಿ ಇದೇ 128 ಸೇರಿ 134 ಎಂದು ಕಾಣುತ್ತದೆ. 137 ಕಂಡರೆ ಅದು 9ನೇ ಸಿಗ್ನಲ್. ಮೆಮೊರಿ ಸಾಲದೆ ಕರ್ನಲ್ಲೇ ಕೊಂದಿದೆಯೇ ಎಂದು ಅದರ ಲಾಗ್ ನೋಡಿ. ಕೋರ್ ಫೈಲ್ ಬರದಿದ್ದರೆ ಮೊದಲು ಶೆಲ್ಲಿನ ಮಿತಿಗಳನ್ನು ತೋರಿಸುವ ಯುಲಿಮಿಟ್‌ನ ಕೋರ್ ಮಿತಿ 0 ಇದೆಯೇ ಪರಿಶೀಲಿಸಿ.