ಕೇಳದೆ ಸುರಿದ ಕೊಸರು

ಯಾವುದೋ ನೇಮಕಾತಿಯ ಅರ್ಜಿಗೆ ಜಾತಿ ಪ್ರಮಾಣಪತ್ರ ಸೇರಿಸಬೇಕು, ಪಿಡಿಎಫ್ ಗಾತ್ರ ಹೆಚ್ಚಾಗಿದೆ. ಮಂಡ್ಯದ ಎಷ್ಟೋ ಮನೆಗಳ ಕಂಪ್ಯೂಟರ್‌ಗಳಿಗೆ ಬೇಡದ ತಂತ್ರಾಂಶ ಕಾಲಿಡುವುದು ಇಂಥ ಗಡಿಬಿಡಿಯಲ್ಲೇ. ಗಾತ್ರ ಇಳಿಸುವ ಉಚಿತ ಸಾಧನವೊಂದನ್ನು ಇಳಿಸಿಕೊಂಡು ‘ನೆಕ್ಸ್ಟ್’ ಒತ್ತುತ್ತಾ ಹೋಗುತ್ತೇವೆ. ಪಿಡಿಎಫ್ ಚಿಕ್ಕದಾಗುತ್ತದೆ, ನಿಜ. ಜೊತೆಗೆ ಹೆಸರೇ ಕೇಳಿರದ ಹುಡುಕುತಾಣವೊಂದು ಬ್ರೌಸರ್‌ನಲ್ಲಿ ನೆಲೆಸಿರುತ್ತದೆ. ಸಂತೆಯಲ್ಲಿ ಕೊಸರನ್ನು ಕೇಳಿ ಪಡೆಯುತ್ತೇವೆ. ಇಲ್ಲಿ ಕೇಳದೆಯೇ ಸುರಿಯುತ್ತಾರೆ.

ಇವು ವೈರಸ್‌ಗಳಲ್ಲ. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ನಾವು ಅಳಿಸದೆ ಬಿಟ್ಟದ್ದನ್ನೇ ಒಪ್ಪಿಗೆಯೆಂದು ತೋರಿಸಿ ಒಳಬರುತ್ತವೆ. ಆಂಟಿವೈರಸ್‌ಗಳು ಇವನ್ನು ತಡೆಯಲು ಬಹುಕಾಲ ಹಿಂಜರಿದದ್ದು ಅದಕ್ಕೇ. ಪ್ರತಿ ಸ್ಥಾಪನೆಗೂ ಹಣ ಸಿಗುವುದರಿಂದ ದೊಡ್ಡವರೂ ಈ ವ್ಯಾಪಾರದಲ್ಲಿದ್ದರು. ಒಂದು ಕಾಲದಲ್ಲಿ ಹಲವು ತಂತ್ರಾಂಶಗಳು ಓಡಲು ಬೇಕಿದ್ದ ಜಾವಾ ಜೊತೆ, ಬ್ರೌಸರ್‌ಗೆ ಅಂಟಿಕೊಳ್ಳುವ ‘ಆಸ್ಕ್’ ಎಂಬ ಹುಡುಕುಪಟ್ಟಿ (ಟೂಲ್‌ಬಾರ್) ಬರುತ್ತಿತ್ತು. ಜಾವಾ ಕುಳಿತ ಮೇಲೆ ಹತ್ತು ನಿಮಿಷ ಕಾದು ಅದು ಕೂರುತ್ತಿದ್ದುದು 2013ರಲ್ಲಿ ಬಯಲಾಯಿತು. ಅನುಮಾನಪಟ್ಟು ಆಗಲೇ ಸ್ಥಾಪಿತ ತಂತ್ರಾಂಶಗಳ ಪಟ್ಟಿ ನೋಡಿದವನಿಗೆ ಏನೂ ಕಾಣುತ್ತಿರಲಿಲ್ಲ!

ಇವನ್ನು ತೆಗೆಯುವಾಗ ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯನ್ನು ಸ್ಥಾಪನೆಯ ದಿನಾಂಕದ ಕ್ರಮದಲ್ಲಿ ಜೋಡಿಸಿ. ಒಂದೇ ದಿನ ಬಂದ ಅಪರಿಚಿತರು ಸಾಲಾಗಿ ಸಿಗುತ್ತಾರೆ. ಆದರೆ ಅನ್‌ಇನ್‌ಸ್ಟಾಲ್ ಮಾಡುವ ಕಡತವನ್ನೂ ಬರೆದವರು ಅವರೇ ಎಂಬುದು ನೆನಪಿರಲಿ. ಬ್ರೌಸರ್‌ನ ಎಕ್ಸ್‌ಟೆನ್ಷನ್‌ಗಳಲ್ಲಿ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇರು ಉಳಿದಿರಬಹುದು. ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಉಳಿದರಂತೂ ಅಳಿಸಿದ್ದನ್ನು ನಿಗದಿತ ಹೊತ್ತಿಗೆ ಮತ್ತೆ ತಂದು ಕೂರಿಸುತ್ತದೆ. ಪರದೆಯ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂದು ಹೆದರಿಸುವ ಚೌಕ ಎಷ್ಟೋ ಸಲ ತಂತ್ರಾಂಶವೇ ಅಲ್ಲ. ಎಂದೋ ‘ಅಲೌ’ ಒತ್ತಿದ ತಾಣವೊಂದರ ನೋಟಿಫಿಕೇಷನ್. ಬ್ರೌಸರ್‌ನಲ್ಲಿ ಆ ಅನುಮತಿ ಹಿಂಪಡೆದರೆ ಸಾಕು, ಯಾರಿಗೂ ಹಣ ಕೊಡಬೇಕಿಲ್ಲ.

ಹೊಸ ಲ್ಯಾಪ್‌ಟಾಪ್‌ನೊಂದಿಗೇ ಬರುವ ಕೊಸರು ಇನ್ನೂ ಕೆಟ್ಟದ್ದು. ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶ ತುಂಬಿ ಮಾರಿದ್ದು 2015ರ ಫೆಬ್ರವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಗೂಢಲಿಪಿಯಲ್ಲಿರುವ ಪುಟಗಳಿಗೂ ಜಾಹೀರಾತು ತುರುಕಲು ಅದು ವಿಂಡೋಸ್‌ನಲ್ಲಿ ತನ್ನದೇ ಮೂಲ ಪ್ರಮಾಣಪತ್ರ ನೆಟ್ಟಿತ್ತು. ಬ್ಯಾಂಕಿನ ತಾಣ ನಿಜವಾದದ್ದೇ ಎಂದು ಬ್ರೌಸರ್ ನಂಬುವುದು ಇಂಥ ಪ್ರಮಾಣಪತ್ರಗಳ ಭರವಸೆಯ ಮೇಲೆ. ಸೂಪರ್‌ಫಿಶ್ ಪ್ರಮಾಣಪತ್ರದ ರಹಸ್ಯ ಕೀಲಿ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿತ್ತು. ಭದ್ರತಾ ಸಂಶೋಧಕ ರಾಬರ್ಟ್ ಗ್ರಹಾಂ ಆ ಕೀಲಿಯ ಪಾಸ್‌ವರ್ಡನ್ನು ಕೆಲವೇ ಗಂಟೆಗಳಲ್ಲಿ ಪತ್ತೆಮಾಡಿದರು: ‘ಕೊಮೋಡಿಯಾ’, ಆ ತಂತ್ರಜ್ಞಾನ ಒದಗಿಸಿದ ಕಂಪನಿಯದೇ ಹೆಸರು. ಕೀಲಿ ಸಿಕ್ಕವನು ಅದೇ ವೈಫೈನಲ್ಲಿ ಕುಳಿತು ನಕಲಿ ಬ್ಯಾಂಕ್ ಪುಟವನ್ನು ಅಸಲಿಯೆಂದೇ ತೋರಿಸಬಹುದಿತ್ತು. ಸೂಪರ್‌ಫಿಶ್ ಅನ್ನು ಪಟ್ಟಿಯಿಂದ ತೆಗೆದರೂ ಪ್ರಮಾಣಪತ್ರ ಉಳಿಯುತ್ತಿತ್ತು; ಅದನ್ನು ಬೇರೆಯಾಗಿ ಕಿತ್ತುಹಾಕಬೇಕಿತ್ತು.

ರಿಪೇರಿ ಅಂಗಡಿಗಳ ಮಾಮೂಲಿ ಮದ್ದು ‘ಫಾರ್ಮ್ಯಾಟ್’, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಹೆಚ್ಚಿನ ಸಲ ಅದು ಕೆಲಸ ಮಾಡುತ್ತದೆ, ಫೋಟೊಗಳ ಪ್ರತಿ ಮೊದಲೇ ತೆಗೆದಿಟ್ಟಿದ್ದರೆ. ಆದರೆ ವಿಂಡೋಸ್ 8ರಿಂದೀಚೆಗೆ ತಯಾರಕರು ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ (ಡಿಸ್ಕ್ ಅಳಿಸಿದರೂ ಉಳಿಯುವ, ಚಿಪ್‌ನೊಳಗಿನ ತಂತ್ರಾಂಶ) ಒಂದು ಪ್ರೋಗ್ರಾಂ ಇಡಬಹುದು, ವಿಂಡೋಸ್ ಏಳುವಾಗ ಅದನ್ನು ಓಡಿಸುತ್ತದೆ. ಲೆನೊವೊದ ಇನ್ನೊಂದು ಸಾಧನ ಹೀಗೆಯೇ ಹೊಸದಾಗಿ ಹಾಕಿದ ವಿಂಡೋಸ್‌ಗೂ ಮರಳಿ ಬರುತ್ತಿತ್ತು. ಅದನ್ನು ನಿಲ್ಲಿಸಲು ಕಂಪನಿ 2015ರಲ್ಲಿ ಹೊಸ ಫರ್ಮ್‌ವೇರನ್ನೇ ಬಿಡುಗಡೆ ಮಾಡಬೇಕಾಯಿತು.